‘ಪಿತ್ತ’ ಪದದ ವ್ಯಾಪ್ತಿ ಮತ್ತು ಪಿತ್ತಕೋಶದ ಉರಿಯೂತ

ಸುಳ್ಯ ತಾಲೂಕಿನ ಕಲ್ಲುಗುಂಡಿ ಪರಿಸರದಲ್ಲಿ ತುಳು, ಅರೆಭಾಷೆ, ಕನ್ನಡಗಳು ಜೊತೆಜೊತೆಯಾಗಿ ಬಳಕೆಯಲ್ಲಿವೆ. ಇಲ್ಲಿನ ಮನೆಮದ್ದಿನ ಪರಿಭಾಷೆಯಲ್ಲಿ ‘ಪಿತ್ತ’ವೆಂಬುದು ತಲೆಸುತ್ತು, ಹುಳಿತೇಗು, ವಾಂತಿಗಳನ್ನೆಲ್ಲ ಒಳಗೊಳ್ಳುವ ವಿಶಾಲ ಪದ, ಸಿಟ್ಟು ಬಂದಾಗಲೂ ನೆತ್ತಿಗೇರುವುದು ಪಿತ್ತವೇ. ಪುನರ್ಪುಳಿಯ ಪಾನಕ ಅದಕ್ಕೆ ಪರಿಚಿತ ಶಮನ.

ಆಧುನಿಕ ವೈದ್ಯಶಾಸ್ತ್ರದ ‘ಪಿತ್ತಕೋಶದ ತೀವ್ರ ಉರಿಯೂತ’ಕ್ಕೂ ಇದಕ್ಕೂ ಹೆಸರಿನ ನಂಟೇ ಹೆಚ್ಚು. ಸಾಮಾನ್ಯವಾಗಿ ಹರಳೊಂದು ಕೋಶದ ನಾಳಕ್ಕೆ ಅಡ್ಡಬಿದ್ದು ಪಿತ್ತರಸ ಕಟ್ಟಿಕೊಳ್ಳುವುದು ಅದರ ಮೂಲ. ಬ್ಯಾಕ್ಟೀರಿಯಾ ಸೋಂಕು ಬಹುಮಟ್ಟಿಗೆ ಅನಂತರದ್ದು, ಕರುಳುವಾಸಿಗಳಾದ ಇ. ಕೋಲೈ, ಕ್ಲೆಬ್ಸಿಯೆಲ್ಲಾಗಳು ಅಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ವಾಂತಿ ಇಲ್ಲಿಯೂ ಉಂಟು, ಗೊಂದಲ ಹುಟ್ಟುವುದು ಅಲ್ಲಿಯೇ. ಆದರೆ ಬಲಪಕ್ಕೆಯ ಕೆಳಗೆ ಗಂಟೆಗಟ್ಟಲೆ ಬಿಡದ ನೋವು, ಜ್ವರ ಇವು ಮನೆಮದ್ದಿನ ಪಿತ್ತದ ಲಕ್ಷಣಗಳಲ್ಲ. ನಿರ್ಲಕ್ಷಿಸಿದರೆ ಕೋಶ ಕೊಳೆತು ತೂತಾಗಬಹುದು.

ಪ್ರತಿಜೈವಿಕ ಔಷಧಗಳು ಸೋಂಕನ್ನು ಹತೋಟಿಗೆ ತರುತ್ತವೆಯೇ ಹೊರತು ಹರಳನ್ನು ಕರಗಿಸವು. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್ ಕೋಶವನ್ನೇ ತೆಗೆದುಹಾಕಿದರು; ಹರಳು ಇರುವುದಕ್ಕಲ್ಲ, ಹರಳನ್ನು ಹುಟ್ಟಿಸುವುದಕ್ಕಾಗಿ ಅದನ್ನು ತೆಗೆಯಬೇಕೆಂಬುದು ಅವರ ವಾದ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಇದನ್ನು ಉದರದರ್ಶಕದ ಮೂಲಕ ಮಾಡಿದರು. ಹಿಂದೆ ಉರಿಯೂತ ತಣಿಯಲೆಂದು ವಾರಗಟ್ಟಲೆ ಕಾಯುವ ಪದ್ಧತಿಯಿತ್ತು; ಈಗ ಸಾಧ್ಯವಾದರೆ ಒಂದು ವಾರದೊಳಗೆ ಶಸ್ತ್ರಚಿಕಿತ್ಸೆ ನಡೆಸುವುದೇ ಒಪ್ಪಿತ ಕ್ರಮ. ‘ಬರೀ ಪಿತ್ತ’ವೆಂದು ಪಾನಕ ಕುಡಿಯುತ್ತ ಕಳೆದ ದಿನಗಳು ಆ ವಾರದ ಲೆಕ್ಕಕ್ಕೇ ಸೇರುತ್ತವೆ.