ಸಾಬೂನಿನ ಪರಿಮಳ ಹುಟ್ಟುವ ಬಗೆ, ಅದರಲ್ಲಿ ನಮ್ಮ ಪಚ್ಚೆತೆನೆಯ ಪಾಲು



ಅಡಿಕೆಗೆ ಎಲೆಚುಕ್ಕಿ ರೋಗ ತಗಲಿದಂದಿನಿಂದ ಸಂಘದ ಕಛೇರಿಯ ಮೆಟ್ಟಿಲು ಹತ್ತುವವರೆಲ್ಲರ ಬಾಯಲ್ಲಿ ಒಂದೇ ಪ್ರಶ್ನೆ: "ಮರಗಳ ನಡುವೆ ಇನ್ನೇನು ಹಾಕೋಣ?" ಪೇಟೆಯವರು ಪಚೋಲಿ ಎಂದು ಕರೆಯುವ ಪಚ್ಚೆತೆನೆಯ ಹೆಸರು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ನೆರಳಿನಲ್ಲಿ ಬರುವ ಗಿಡ, ಸೊಪ್ಪು ಕೊಯ್ದು ಒಣಗಿಸಿ ಬಟ್ಟಿ ಇಳಿಸಿದರೆ ಬೆಲೆಬಾಳುವ ತೈಲ, ಆದ್ದರಿಂದ ಸಂಘವೇ ಒಂದು ಭಟ್ಟಿ ಸ್ಥಾಪಿಸಲಿ ಎಂಬ ಕೋರಿಕೆಗೆ ಹದಿನೇಳು ಮಂದಿ ಸದಸ್ಯರು ರುಜು ಹಾಕಿದ್ದಾರೆ. ವಿಷಯವು ಮುಂದಿನ ಸರ್ವಸದಸ್ಯರ ಸಭೆಗೆ ಬರಲಿದೆ.

ಸಾಲ ಎತ್ತುವ ಮುನ್ನ ಒಂದು ಸಂಗತಿ ತಿಳಿದಿರುವುದು ಒಳ್ಳೆಯದು. ನಮ್ಮ ತೈಲವನ್ನು ಕೊಳ್ಳುವವನು ಅದನ್ನು ಏನು ಮಾಡುತ್ತಾನೆ? ಇದನ್ನು ಅರಿಯದೆ ನಾವು ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ. ಆ ಕಥೆಯನ್ನೂ ಮರೆಮಾಚದೆ ಕೆಳಗೆ ಬರೆದಿದ್ದೇವೆ.

ತಾಂಬೂಲದ ಲೆಕ್ಕ

ಸಾಬೂನು, ಊದುಬತ್ತಿ, ಬಟ್ಟೆ ಒಗೆಯುವ ಪುಡಿ, ತಲೆಗೆ ಹಾಕುವ ಶಾಂಪೂ, ಇವುಗಳ ಪರಿಮಳ ಒಂದೇ ಹೂವಿನದಲ್ಲ, ಒಂದೇ ಎಣ್ಣೆಯದೂ ಅಲ್ಲ. ಒಂದೊಂದು ಪರಿಮಳದ ಹಿಂದೆಯೂ ಮೂವತ್ತರಿಂದ ನೂರರವರೆಗೆ ದ್ರವ್ಯಗಳು ಸೇರಿರುತ್ತವೆ. ಸುಗಂಧ ಸಂಯೋಜಕನ ಕಪಾಟಿನಲ್ಲಿ ಆಯ್ಕೆಗೆ ಸಿಕ್ಕುವ ದ್ರವ್ಯಗಳು ಮೂರು ಸಾವಿರಕ್ಕೂ ಮಿಕ್ಕಿವೆ. ಅವುಗಳಲ್ಲಿ ಗಿಡಮರಗಳಿಂದ ಬಂದವು ಕೆಲವು ನೂರು ಮಾತ್ರ, ಉಳಿದವೆಲ್ಲ ಕಾರ್ಖಾನೆಯಲ್ಲಿ ತಯಾರಾದವು.

ನಮಗೆ ಇದು ಅರ್ಥವಾಗಬೇಕಾದರೆ ತಾಂಬೂಲವನ್ನು ನೆನೆದರೆ ಸಾಕು. ಬಾಯಿಗೆ ಹಾಕಿದೊಡನೆ ಏಲಕ್ಕಿಯೂ ಎಲೆಯ ಖಾರವೂ ಹೊಡೆಯುತ್ತವೆ. ಸ್ವಲ್ಪ ಹೊತ್ತಿಗೆ ಅಡಿಕೆಯ ಒಗರು, ಲವಂಗದ ಬಿಸಿ. ಕಡೆಗೆ ಉಳಿಯುವುದು ಕಾಚಿನ ಛಾಯೆ. ಪರಿಮಳವೂ ಹೀಗೆಯೇ ಮೂರು ಮೆಟ್ಟಿಲು. ನಿಂಬೆ, ಕಿತ್ತಳೆಯಂತಹ ಹಗುರ ದ್ರವ್ಯಗಳು ಮೊದಲು ಮೂಗಿಗೆ ಬಂದು ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತವೆ. ಇದು ಮೇಲುಗಂಧ. ಗುಲಾಬಿ, ಮಲ್ಲಿಗೆ, ಲವಂಗದ ಜಾತಿಯವು ಗಂಟೆಗಟ್ಟಲೆ ನಿಲ್ಲುತ್ತವೆ. ಇವು ನಡುಗಂಧ. ಶ್ರೀಗಂಧ, ಲಾವಂಚ, ಪಚ್ಚೆತೆನೆ ಭಾರವಾದವು. ನಿಧಾನವಾಗಿ ಆರುತ್ತವೆ, ಮೇಲಿನವು ಬೇಗ ಹಾರದಂತೆ ಹಿಡಿದಿಡುತ್ತವೆ. ಇವು ತಳಗಂಧ. ಮಿಂದು ಬಂದ ಮೇಲೂ ಮೈಯಲ್ಲಿ ಉಳಿಯುವ ವಾಸನೆ ತಳಗಂಧದ್ದೇ.

ತಾಂಬೂಲದಲ್ಲಿ ಸುಣ್ಣ ಒಂದು ಚೂರು ಹೆಚ್ಚಾದರೆ ನಾಲಿಗೆ ಸುಡುವಂತೆ ಇಲ್ಲಿಯೂ ಪ್ರಮಾಣವೇ ಪ್ರಾಣ. ನಮ್ಮ ಮೈಸೂರು ಸ್ಯಾಂಡಲ್ ಸಾಬೂನು ಇದಕ್ಕೆ ಹತ್ತಿರದ ನಿದರ್ಶನ. 1914ರ ಮಹಾಯುದ್ಧದಿಂದ ಯೂರೋಪಿಗೆ ಶ್ರೀಗಂಧದ ಕೊರಡು ಹೋಗುವುದು ನಿಂತು ಸಂಸ್ಥಾನದಲ್ಲಿ ದಾಸ್ತಾನು ಬೆಳೆಯಿತು. ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಸಾಬೂನಿನ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಆ ಸಾಬೂನಿನ ಹೆಸರು ಗಂಧದ್ದಾದರೂ ಅದರ ಪರಿಮಳದಲ್ಲಿ ಲಾವಂಚ, ಪಚ್ಚೆತೆನೆ ಮೊದಲಾದ ತೈಲಗಳ ಕೈವಾಡವೂ ಉಂಟು. ಮಾರಲಾಗದೆ ಉಳಿದ ಕೊರಡಿಗೆ ಬೆಲೆ ತಂದುಕೊಟ್ಟದ್ದು ಬಟ್ಟಿ ಇಳಿಸುವ ವಿದ್ಯೆ ಮತ್ತು ಬೆರೆಸುವ ವಿದ್ಯೆ ಎರಡೂ ಸೇರಿ.

ಹೊಸ ಪರಿಮಳ ಹೇಗೆ ಹುಟ್ಟುತ್ತದೆ?

ಸಾಬೂನಿನ ಕಂಪೆನಿಯು ಸಾಮಾನ್ಯವಾಗಿ ಪರಿಮಳವನ್ನು ತಾನೇ ತಯಾರಿಸುವುದಿಲ್ಲ. ಸುಗಂಧ ತಯಾರಿಕೆಯ ಸಂಸ್ಥೆಗಳಿಗೆ ಒಂದು ಬೇಡಿಕೆಪತ್ರ ಕೊಡುತ್ತದೆ. ಸಾಬೂನು ಯಾರಿಗೆ, ಬಣ್ಣ ಯಾವುದು, ಪರಿಮಳದ ಭಾವ ಎಂಥದು, ಕಿಲೋಗೆ ಎಷ್ಟು ರೂಪಾಯಿ ಮೀರಬಾರದು, ಇವೆಲ್ಲ ಅದರಲ್ಲಿರುತ್ತವೆ. ಮೂರು ನಾಲ್ಕು ಸಂಸ್ಥೆಗಳು ಪೈಪೋಟಿಯಲ್ಲಿ ಮಾದರಿಗಳನ್ನು ತಯಾರಿಸುತ್ತವೆ. ಗೆದ್ದವನಿಗೆ ವ್ಯಾಪಾರ, ಸೋತವರಿಗೆ ಶ್ರಮ ಮಾತ್ರ. ಕಾಫಿಯ ರುಚಿ ನೋಡುವವರು ಬಟ್ಟಲು ಬಟ್ಟಲಾಗಿ ಹೀರಿ ಗುಣ ಹೇಳುವಂತೆ, ಸಂಯೋಜಕನು ಕಾಗದದ ಪಟ್ಟಿಗಳನ್ನು ಅದ್ದಿ ಆಗಲೊಮ್ಮೆ, ಗಂಟೆ ಕಳೆದೊಮ್ಮೆ, ಮರುದಿನವೊಮ್ಮೆ ಮೂಸಿ ನೋಡುತ್ತಾನೆ. ಒಂದು ದ್ರವ್ಯ ಕಡಿಮೆ ಮಾಡಿ, ಇನ್ನೊಂದು ಏರಿಸಿ, ನೂರಾರು ಸಲ ತಿದ್ದುತ್ತಾನೆ.

ಕಾಗದದ ಮೇಲೆ ಚೆನ್ನಾಗಿದ್ದುದು ಸಾಬೂನಿನಲ್ಲಿ ಚೆನ್ನಾಗಿರುತ್ತದೆಂಬ ಭರವಸೆ ಇಲ್ಲ. ಸಾಬೂನು ಕ್ಷಾರ. ಅದರಲ್ಲಿ ಕೆಲವು ಸುಗಂಧಗಳು ಒಡೆದು ಹೋಗುತ್ತವೆ, ವೆನಿಲಿನ್‌ನಂತಹವು ಬಿಳಿ ಸಾಬೂನನ್ನು ಕಂದು ಮಾಡುತ್ತವೆ. ಬಟ್ಟೆಪುಡಿಯಲ್ಲಿ ಬಿಳುಪುಕಾರಕವಿದ್ದರೆ ಅದು ನಾಜೂಕಿನ ಪರಿಮಳವನ್ನು ತಿಂದುಹಾಕುತ್ತದೆ. ಊದುಬತ್ತಿಗೆ ಎರಡು ಪರೀಕ್ಷೆ: ಪೊಟ್ಟಣ ಬಿಚ್ಚಿದಾಗ ಒಂದು ವಾಸನೆ, ಹೊತ್ತಿಸಿದಾಗ ಇನ್ನೊಂದು. ಆದುದರಿಂದ ಮಾದರಿಗಳನ್ನು 40 ಡಿಗ್ರಿ ಉಷ್ಣತೆಯ ಪೆಟ್ಟಿಗೆಯಲ್ಲಿ ವಾರಗಟ್ಟಲೆ, ಹಲವೊಮ್ಮೆ ಮೂರು ತಿಂಗಳವರೆಗೂ ಇಟ್ಟು, ಬಿಸಿಲಿಗೂ ಒಡ್ಡಿ, ತಂಪಿನಲ್ಲಿಟ್ಟ ಜೊತೆಗಾರನೊಡನೆ ಹೋಲಿಸುತ್ತಾರೆ. ಬಣ್ಣ ಕೆಟ್ಟರೆ ಎಷ್ಟೇ ಸೊಗಸಾದ ಪರಿಮಳವಾದರೂ ತಿರಸ್ಕೃತ.

ಇದರ ಮೇಲೆ ಚರ್ಮಕ್ಕೆ ತೊಂದರೆಯಾಗಬಾರದೆಂಬ ನಿಯಮಗಳಿವೆ. 1973ರಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಸುಗಂಧ ಸಂಘವು ಯಾವ ದ್ರವ್ಯವನ್ನು ಯಾವ ವಸ್ತುವಿನಲ್ಲಿ ಎಷ್ಟರ ಮಟ್ಟಿಗೆ ಬಳಸಬಹುದೆಂದು ಕಟ್ಟಳೆ ಹಾಕುತ್ತದೆ. ನಿಯಮ ಬದಲಾದಾಗ ಹಳೆಯ ಸೂತ್ರಗಳನ್ನೂ ತಿದ್ದಿ ಬರೆಯಬೇಕಾಗುತ್ತದೆ. ಸಾಬೂನು, ಶಾಂಪೂಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ ಲಿಲಿಯಾಲ್ ಎಂಬ ಕೃತಕ ದ್ರವ್ಯವನ್ನು ಯೂರೋಪು 2022ರ ಮಾರ್ಚಿಯಿಂದ ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿತು. ಅಸಂಖ್ಯ ಪರಿಮಳಗಳನ್ನು ಮತ್ತೆ ಕಟ್ಟಬೇಕಾಯಿತು.

ನಾವು ಕಲಿತ ಪಾಠ

ಈಗ ನಮ್ಮ ಕಥೆ. ಕೆಲವು ವರ್ಷಗಳ ಹಿಂದೆ ನಮ್ಮ ಆರು ಮಂದಿ ಸದಸ್ಯರು ಪಚ್ಚೆತೆನೆ ಹಾಕಿದ್ದರು. ಪರಿಚಯದವರೊಬ್ಬರಲ್ಲಿದ್ದ ಸಣ್ಣ ಸ್ಟೀಲ್ ಭಟ್ಟಿಯಲ್ಲಿ ಒಂದಷ್ಟು ತೈಲ ಇಳಿಸಿ, ಸಾಬೂನು ತಯಾರಕರೊಬ್ಬರಿಗೆ ಮಾದರಿ ಕಳುಹಿಸಿದೆವು. ತಿಳಿ ಹೊಂಬಣ್ಣದ ತೈಲ. ಅವರು ಮೆಚ್ಚಿ ಬೇಡಿಕೆ ಕಳುಹಿಸಿದರು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಖರ್ಚು ಉಳಿಸುವ ಉತ್ಸಾಹದಲ್ಲಿ ದೊಡ್ಡ ಪ್ರಮಾಣದ ತೈಲವನ್ನು ಕಬ್ಬಿಣದ ಡ್ರಮ್ಮಿನಿಂದ ಕಟ್ಟಿಸಿದ ಭಟ್ಟಿಯಲ್ಲಿ ಇಳಿಸಿದೆವು. ಒಬ್ಬರ ಸೊಪ್ಪು ನೆರಳಲ್ಲಿ ಒಣಗಿತ್ತು, ಇನ್ನೊಬ್ಬರದು ಮಳೆಗೆ ಸಿಕ್ಕಿ ಮುಗ್ಗಾಗಿತ್ತು, ಮತ್ತೊಬ್ಬರದರಲ್ಲಿ ಕಡ್ಡಿಯೇ ಹೆಚ್ಚು. ಒಂದೊಂದು ಕ್ಯಾನೂ ಒಂದೊಂದು ಬಣ್ಣ. ಕಬ್ಬಿಣ ಸೇರಿದರೆ ಪಚೋಲಿ ತೈಲ ಕೆಂಪುಮಿಶ್ರಿತ ಕಪ್ಪಾಗುತ್ತದೆಂಬುದು ಆಗ ನಮಗೆ ತಿಳಿದಿರಲಿಲ್ಲ. ತೈಲ ಪೂರ್ತಿಯಾಗಿ ಹಿಂದಿರುಗಿ ಬಂತು. ಜೊತೆಗಿದ್ದ ಪತ್ರದಲ್ಲಿ ಎರಡೇ ಸಾಲು: ಮಾದರಿಗೂ ಸರಕಿಗೂ ಹೊಂದಿಕೆಯಿಲ್ಲ, ಸಾಬೂನಿನ ಬಣ್ಣ ಕೆಡುತ್ತದೆ.

ನಮಗೆ ಕೋಪ ಬಂದದ್ದು ನಿಜ. ಆದರೆ ರಾಶಿಯ ಮಾದರಿ ತೋರಿಸಿ ಗೊರಬಲು ಬೆರೆಸಿದ ಚೀಲ ಕಳುಹಿಸಿದರೆ ಮಂಡಿಯವನು ಸುಮ್ಮನಿರುತ್ತಾನೆಯೇ? ತಪ್ಪು ನಮ್ಮದೇ. ಕಾರ್ಯದರ್ಶಿಯ ಕುರ್ಚಿಯಲ್ಲಿದ್ದ ನಮ್ಮದು ಎಲ್ಲರಿಗಿಂತ ಹೆಚ್ಚು. ಕೊನೆಗೆ ಊದುಬತ್ತಿಯವರೊಬ್ಬರು ಅರ್ಧ ಬೆಲೆಗೆ ಕೊಂಡರು. ಅವರ ಬತ್ತಿ ಹೇಗೂ ಕಪ್ಪು. ಆರರಲ್ಲಿ ನಾಲ್ವರು ಮರುವರ್ಷ ಗಿಡ ಕಿತ್ತುಹಾಕಿದರು.

ಸೂತ್ರ ಬರೆದವನಿಗೆ ನಮ್ಮ ತೈಲ ಅತ್ಯುತ್ತಮವಾಗಿರಬೇಕೆಂದಿಲ್ಲ, ಕಳೆದ ಸಲದಂತೆಯೇ ಇರಬೇಕು. ಸಾಬೂನು ಕೊಳ್ಳುವ ಗೃಹಿಣಿ ಪ್ರತಿ ತಿಂಗಳೂ ಅದೇ ಪರಿಮಳ ಕೇಳುತ್ತಾಳೆ. ಆಕೆಯ ಮೂಗಿಗೆ ನಾವು ಉತ್ತರ ಹೇಳಬೇಕು.

ಎಷ್ಟು ಬೇಕು ಎಂಬ ಲೆಕ್ಕ

ಉದಾಹರಣೆಗಾಗಿ ಒಂದು ಲೆಕ್ಕ ಹಾಕೋಣ. 100 ಗ್ರಾಂ ಸಾಬೂನಿನಲ್ಲಿ ಪರಿಮಳ ಸುಮಾರು 1.2 ಗ್ರಾಂ ಎಂದಿಟ್ಟುಕೊಳ್ಳಿ. ಆ ಪರಿಮಳದಲ್ಲಿ ಪಚ್ಚೆತೆನೆಯ ಪಾಲು ಶೇಕಡಾ 5 ಇದ್ದರೆ ಸಾಬೂನೊಂದಕ್ಕೆ 60 ಮಿಲಿಗ್ರಾಂ ಆಯಿತು. ಒಂದು ಲಕ್ಷ ಸಾಬೂನಿಗೆ 6 ಕಿಲೋ ತೈಲ ಸಾಕು. ಒಣಸೊಪ್ಪಿನಿಂದ ಶೇಕಡಾ 2ರಂತೆ ತೈಲ ಬಂದರೆ 300 ಕಿಲೋ ಒಣಸೊಪ್ಪು. ಹಸಿಯಾದರೆ ಅದರ ಸುಮಾರು ಐದು ಪಟ್ಟು, ಅಂದರೆ ಒಂದೂವರೆ ಟನ್ನು. ಲಕ್ಷ ಸಾಬೂನು ಎಂದೊಡನೆ ಕಣ್ಣು ಅರಳುತ್ತದೆ. ಬೇಕಾದ ತೈಲ ಮಾತ್ರ ಒಂದು ಸಣ್ಣ ಕ್ಯಾನು! ಎಲ್ಲ ಸದಸ್ಯರೂ ಒಟ್ಟಿಗೆ ನುಗ್ಗಿದರೆ ಮಾರುವುದು ಯಾರಿಗೆ? ಜಗತ್ತಿನ ಪಚೋಲಿ ತೈಲದ ಬಹುಪಾಲು ಬರುವುದು ಇಂಡೊನೇಷ್ಯದಿಂದ. ಅಲ್ಲಿ ಮಳೆ ಹೆಚ್ಚುಕಡಿಮೆಯಾದರೆ ಇಲ್ಲಿಯ ಬೆಲೆ ಏರುತ್ತದೆ, ಅಲ್ಲಿ ಬೆಳೆ ಚೆನ್ನಾದರೆ ಇಳಿಯುತ್ತದೆ.

ಕಾರ್ಖಾನೆಯ ದ್ರವ್ಯಗಳ ಭಯವೂ ಇದೆ. ಕೇರಳದ ನಿಂಬೆಹುಲ್ಲಿನ ತೈಲ ಕೊಚ್ಚಿನ್ ಬಂದರಿನಿಂದ ದೇಶದೇಶಗಳಿಗೆ ಹೋಗುತ್ತಿತ್ತು. ಅದರಲ್ಲಿಯ ಸಿಟ್ರಾಲ್‌ನಿಂದ ವಯೊಲೆಟ್ ಹೂವಿನ ವಾಸನೆಯ ಅಯೋನೋನ್ ತಯಾರಿಸುವ ಬಗೆ 1893ರಲ್ಲಿ ಗೊತ್ತಾಗಿತ್ತು. ಮುಂದೆ ಸಿಟ್ರಾಲ್ ಅನ್ನೇ ಕಾರ್ಖಾನೆಯಲ್ಲಿ ತಯಾರಿಸತೊಡಗಿದಾಗ ಹುಲ್ಲಿನ ತೈಲದ ಆ ದೊಡ್ಡ ಬೇಡಿಕೆ ಕುಗ್ಗಿತು. ಶ್ರೀಗಂಧ ದುಬಾರಿಯಾದಂತೆ ಸ್ಯಾಂಡಲೋರ್, ಜವನಾಲ್ ಮುಂತಾದ ಕೃತಕ ದ್ರವ್ಯಗಳು ಅದರ ಜಾಗಕ್ಕೆ ಬಂದು ಕುಳಿತವು. ಒಮ್ಮೆ ಸೂತ್ರ ಬದಲಾದರೆ ಅದು ಹಳೆಯ ದ್ರವ್ಯಕ್ಕೆ ಮರಳುವುದು ಅಪರೂಪ. ಪಚ್ಚೆತೆನೆಯ ಪುಣ್ಯವೆಂದರೆ ಅದರ ಮುಖ್ಯಾಂಶವಾದ ಪಚೋಲಾಲ್ ಅನ್ನು ರಾಸಾಯನಿಕವಾಗಿ ಅಗ್ಗದಲ್ಲಿ ತಯಾರಿಸಲು ಆಗಿಲ್ಲ. ಆದರೆ 2014ರಲ್ಲಿ ಸ್ವಿಸ್ ಸಂಸ್ಥೆಯೊಂದು ಸಕ್ಕರೆಯನ್ನು ಹುದುಗಿಸಿ ಪಡೆದ ಕ್ಲಿಯರ್‌ವುಡ್ ಎಂಬ ದ್ರವ್ಯವನ್ನು ಮಾರುಕಟ್ಟೆಗೆ ತಂದಿತು. ಪಚ್ಚೆತೆನೆಗೆ ಹತ್ತಿರದ ವಾಸನೆ, ಬಣ್ಣವೂ ತಿಳಿ. ಇದನ್ನು ಕಡೆಗಣಿಸಲಾಗದು.

ಸಭೆಯ ಮುಂದಿಡುವ ಸಲಹೆಗಳು

ಇಷ್ಟೆಲ್ಲ ಬರೆದುದು ಹೆದರಿಸಲೆಂದಲ್ಲ. ಹೆಜ್ಜೆ ನೋಡಿ ಇಟ್ಟರೆ ಈ ಬೆಳೆಗೆ ನಮ್ಮ ತೋಟಗಳಲ್ಲಿ ಜಾಗ ಇದೆ ಎಂದೇ ನಮ್ಮ ನಂಬಿಕೆ. ನಮ್ಮ ಸಲಹೆಗಳಿಷ್ಟು:

ಒಂದು, ಮೊದಲ ವರ್ಷ ಹತ್ತು ಮಂದಿಗೆ ಮೀರದಂತೆ, ತಲಾ ಕಾಲು ಎಕರೆಯಷ್ಟು ಮಾತ್ರ ನೆಡುವುದು. ಕೊಳ್ಳುವವರ ಜೊತೆ ಪತ್ರವ್ಯವಹಾರ ಮುಗಿದ ಮೇಲೆಯೇ ನೆಡುವುದು.

ಎರಡು, ಪಚ್ಚೆತೆನೆಯ ಬೇರಿಗೆ ಗಂಟುಹುಳುವಿನ ಬಾಧೆ ಬಹಳ. ಅದೇ ಜಂತುಹುಳು ಕಾಳುಮೆಣಸಿನ ಬಳ್ಳಿಗೂ ಹಬ್ಬಿ ಸೊರಗಿಸುತ್ತದೆ. ಮೆಣಸು ಹಬ್ಬಿಸಿದ ಮರಗಳ ಬುಡದಲ್ಲಿ ಈ ಗಿಡ ಖಂಡಿತ ಬೇಡ. ಸಸಿಯನ್ನು ಕಿತ್ತು ಬೇರು ನೋಡದೆ ಯಾರಿಂದಲೂ ತರಬಾರದು. ಹೊಸ ಬೆಳೆಯ ಆಸೆಗೆ ಇದ್ದ ಮೆಣಸು ಕಳೆದುಕೊಂಡರೆ ನಷ್ಟ ತುಂಬಿಕೊಡುವವರಿಲ್ಲ.

ಮೂರು, ಸೊಪ್ಪನ್ನು ನೆರಳಿನಲ್ಲೇ ಒಣಗಿಸುವುದು. ನಮ್ಮ ಮಳೆಗಾಲದಲ್ಲಿ ಇದೇ ಕಷ್ಟದ ಕೆಲಸ, ಆದ್ದರಿಂದ ಕೊಯ್ಲನ್ನು ಮಳೆ ಬಿಟ್ಟ ತಿಂಗಳುಗಳಿಗೆ ಹೊಂದಿಸಬೇಕು.

ನಾಲ್ಕು, ಭಟ್ಟಿ ಸ್ಟೀಲಿನದೇ ಆಗಬೇಕು. ಅಷ್ಟು ಹಣವಿಲ್ಲದಿದ್ದರೆ ಕಾಯೋಣ, ಕಬ್ಬಿಣದ್ದು ಬೇಡ.

ಐದು, ಎಲ್ಲರ ತೈಲವನ್ನೂ ಸಂಘದಲ್ಲಿ ಒಂದೇ ಪಾತ್ರೆಯಲ್ಲಿ ಕೂಡಿಸಿ, ಒಂದೇ ಗುಣದ ಸರಕಾಗಿ ಮಾಡಿ, ಗ್ಯಾಸ್ ಕ್ರೊಮ್ಯಾಟೊಗ್ರಫಿ ಪರೀಕ್ಷೆಗೆ ಕೊಟ್ಟು, ವರದಿಯೊಡನೆ ಮಾರುವುದು. ಪ್ರತಿ ಸರಕಿನ ಒಂದು ಬಾಟಲಿಯನ್ನು ಮೊಹರು ಮಾಡಿ ಸಂಘದ ಕಪಾಟಿನಲ್ಲಿಡುವುದು.

ಆರು, ಬೆರಕೆ ಮಾಡಿದವರ ಸರಕನ್ನು ಮತ್ತೆ ಎಂದೂ ಸ್ವೀಕರಿಸಬಾರದು. ಅಗ್ಗದ ಎಣ್ಣೆ ಬೆರೆಸಿದ್ದು ಮೂಗಿಗೆ ತಿಳಿಯದಿದ್ದರೂ ಆ ಯಂತ್ರದ ಪಟ್ಟಿಯಲ್ಲಿ ಗೆರೆಗೆರೆಯಾಗಿ ಕಾಣುತ್ತದೆ. ಒಬ್ಬರ ಆಸೆಗೆ ಎಲ್ಲರ ಹೆಸರು ಹೋಗಬಾರದು.

ಹಿಂದಿರುಗಿ ಬಂದ ಆ ತೈಲದ ಒಂದು ಬಾಟಲಿಯನ್ನೂ, ಅದಕ್ಕೂ ಮೊದಲು ಕಳುಹಿಸಿದ್ದ ಮಾದರಿಯ ಉಳಿಕೆಯನ್ನೂ ನಮ್ಮ ಮೇಜಿನ ಮೇಲೆ ಅಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದೇವೆ. ಸಭೆಗೆ ಬರುವ ಮುನ್ನ ಕಛೇರಿಗೆ ಬಂದು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, ಮೂಸಿಯೂ ನೋಡಿ. ಆಮೇಲೆ ಕೈ ಎತ್ತುವುದೋ ಬಿಡುವುದೋ ನಿಮ್ಮ ತೀರ್ಮಾನ.