ಹದಿನೆಂಟರ ನಂತರ

ಹದಿಹರೆಯದವರನ್ನೂ ಮೂವತ್ತರವರನ್ನೂ ಒಂದೇ ವರ್ಷ ಪರೀಕ್ಷಿಸಿದರೆ ಎರಡು ಪೀಳಿಗೆಗಳ ವ್ಯತ್ಯಾಸ ತಿಳಿದೀತು. ಒಬ್ಬ ಹುಡುಗ ಹೇಗೆ ಬದಲಾದ ಎಂಬುದು ತಿಳಿಯದು. ಅದಕ್ಕೆ ಅದೇ ಮಕ್ಕಳನ್ನು ಮತ್ತೆ ಮತ್ತೆ ಕಾಣಬೇಕು. ಅಮೆರಿಕದ ‘ಆ್ಯಡ್ ಹೆಲ್ತ್’ ಅಧ್ಯಯನ 1994-95ರಲ್ಲಿ 7ರಿಂದ 12ನೇ ತರಗತಿಯಲ್ಲಿದ್ದ ಸುಮಾರು 20,000 ಮಕ್ಕಳನ್ನು ಮನೆಗೇ ಹೋಗಿ ಸಂದರ್ಶಿಸಿತು; 1996ರಲ್ಲಿ, 2001-02ರಲ್ಲಿ, ಆಮೇಲೂ ಹುಡುಕಿಕೊಂಡು ಹೋಯಿತು.

ಇಪ್ಪತ್ತರ ಆಸುಪಾಸಿಗೆ ಬೆಳಗಿನ ತಿಂಡಿ ತಪ್ಪಿತ್ತು, ಫಾಸ್ಟ್ ಫುಡ್ ಹೆಚ್ಚಿತ್ತು, ವ್ಯಾಯಾಮ ಇಳಿದಿತ್ತು, ಬೊಜ್ಜು ಏರಿತ್ತು. ಅದೇ ಹೊತ್ತಿಗೆ ಎಷ್ಟೋ ಮಂದಿಗೆ ವಿಮೆಯೂ ಇರಲಿಲ್ಲ. 2010ರ ಕಾನೂನು 26 ತುಂಬುವವರೆಗೆ ತಂದೆತಾಯಿಯ ವಿಮೆಯಲ್ಲಿರಲು ಅವಕಾಶ ಕೊಟ್ಟಿತು. ಆದರೂ ಈ ವಯಸ್ಸಿನವರು ನನ್ನ ಕ್ಲಿನಿಕ್ಕಿಗೆ ಬರುತ್ತಿದ್ದುದು ಅಪರೂಪ: ಮಕ್ಕಳ ವೈದ್ಯರನ್ನು ಬಿಟ್ಟಿರುತ್ತಾರೆ, ದೊಡ್ಡವರ ವೈದ್ಯರನ್ನು ಹುಡುಕಿರುವುದಿಲ್ಲ. ಡಾರ್ಮಿಗೆ ಚಟ್ನಿಪುಡಿ ಕಟ್ಟಿಕೊಡುವ ನಾವೂ ಕೇಳುವುದಿಲ್ಲ. ಏಷ್ಯಾ ಮೂಲದ ವಯಸ್ಕರ ಬಿಎಂಐ 25 ಅಲ್ಲ, 23 ಮುಟ್ಟಿದಾಗಲೇ ಮಧುಮೇಹ ಪರೀಕ್ಷೆ ಯೋಚಿಸಿ ಎಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಲ್ಲೇ ಹೇಳಿದೆ. ನಮ್ಮ ಕಾಲೇಜು ಮಕ್ಕಳೂ ಆ ಲೆಕ್ಕದಲ್ಲಿ ವಯಸ್ಕರೇ.