ಕೆಮ್ಮುವವರು ತಾವಾಗಿಯೇ ಬಂದಿದ್ದರು

1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಒಂದು ತಂಡ ಮನೆಮನೆ ಸುತ್ತಿತು. ತೋಳಿಗೆ ಟ್ಯುಬರ್‌ಕ್ಯುಲಿನ್ ಚುಚ್ಚುವುದು, ಎದೆಯ ಎಕ್ಸ್‌ರೇ ತೆಗೆಯುವುದು, ಶ್ವಾಸಕೋಶದಲ್ಲಿ ನೆರಳು ಕಂಡವರ ಕಫವನ್ನು ಪರೀಕ್ಷೆಗೆ ಒಯ್ಯುವುದು. ಒಂದು ಸಲಕ್ಕೆ ಮುಗಿಸಲಿಲ್ಲ; ಅದೇ ಹಳ್ಳಿಗಳಿಗೆ ನಾಲ್ಕು ಸುತ್ತು ಹೋದರು. ಬೆಂಗಳೂರು ಗ್ರಾಮಾಂತರ ಎಂಬ ಬೇರೆ ಜಿಲ್ಲೆಯಾದದ್ದು 1986ರಲ್ಲಿ. ಸಮೀಕ್ಷೆಯ ಕಾಲಕ್ಕೆ ನೆಲಮಂಗಲ, ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಎಲ್ಲವೂ ಒಂದೇ ಬೆಂಗಳೂರು ಜಿಲ್ಲೆ.

ತಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯದು. ದೇವನಹಳ್ಳಿಯ ಕಡೆಗೆ ಹೋಗುವ ಬಳ್ಳಾರಿ ರಸ್ತೆಯಲ್ಲೇ ಆ ಸಂಸ್ಥೆಯಿದೆ. ಜವಾಹರಲಾಲ್ ನೆಹರೂ 1960ರಲ್ಲಿ ಅದನ್ನು ಉದ್ಘಾಟಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಎರಡೂ ಬೆನ್ನಿಗಿದ್ದವು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಆರಂಭದ ದಿನಗಳಲ್ಲಿ ಇಲ್ಲಿ ದುಡಿದವರು.

ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯದ ರೋಗಾಣು ಇದ್ದ 126 ಜನರ ಲೆಕ್ಕವನ್ನು ಐದು ವರ್ಷ ಹಿಡಿದಿಟ್ಟರು. ಕೊನೆಗೆ ನೂರಕ್ಕೆ 49 ಮಂದಿ ತೀರಿಕೊಂಡಿದ್ದರು. ಸುಮಾರು 33 ಮಂದಿಯ ಕಫದಿಂದ ರೋಗಾಣು ತಾನಾಗಿಯೇ ಹೋಗಿತ್ತು. ಉಳಿದ 18 ಮಂದಿ ಇನ್ನೂ ರೋಗಾಣು ಹೊರಹಾಕುತ್ತಲೇ ಇದ್ದರು. ಆ ಹಳ್ಳಿಗಳಿಗೆ ವ್ಯವಸ್ಥಿತ ಚಿಕಿತ್ಸೆ ಆಗಿನ್ನೂ ಕಾಲಿಟ್ಟಿರಲಿಲ್ಲ. ಚಿಕಿತ್ಸೆ ಇಲ್ಲದಿದ್ದರೆ ಕ್ಷಯ ಏನು ಮಾಡುತ್ತದೆ ಎಂಬುದಕ್ಕೆ ಜಗತ್ತಿನ ಪುಸ್ತಕಗಳು ಇಂದಿಗೂ ಈ ಅಂಕಿಗಳನ್ನೇ ಮುಂದಿಡುತ್ತವೆ. ಅವನ್ನು ಓದುವಾಗ ಅವು ನಮ್ಮೂರ ಪಕ್ಕದ ಮನೆಗಳ ಸಾವುಗಳು ಎಂಬುದನ್ನು ನಾನು ಮರೆಯಲಾರೆ.

ಔಷಧಿ ಇರಲಿಲ್ಲವೆಂದಲ್ಲ. ರೋಗಿಯನ್ನು ಆಸ್ಪತ್ರೆಯಲ್ಲಿ ಇಟ್ಟುಕೊಳ್ಳದೆ ಮನೆಯಲ್ಲೇ ಗುಣಪಡಿಸಬಹುದು ಎಂದು ಮದರಾಸಿನ ಪ್ರಯೋಗ 1959ರಲ್ಲಿ ತೋರಿಸಿಕೊಟ್ಟಿತ್ತು. ಯಾರಿಗೆ ಕೊಡಬೇಕು ಎಂಬುದೇ ತೊಡಕು. ಊರೂರಿಗೆ ಎಕ್ಸ್‌ರೇ ವ್ಯಾನು ಕಳಿಸಿ ರೋಗಿಗಳನ್ನು ಹುಡುಕಬೇಕೆಂಬುದು ಆ ಕಾಲದ ದೊಡ್ಡ ನಂಬಿಕೆ. ಹಳ್ಳಿಯವರಿಗೆ ತಮ್ಮ ರೋಗದ ಅರಿವಿಲ್ಲ, ಅವರು ತಾವಾಗಿ ಬರುವುದಿಲ್ಲ ಎಂಬ ಎಣಿಕೆ ಅದರ ಹಿಂದೆ ಇತ್ತು.

ಈ ಎಣಿಕೆಯನ್ನು ಪರೀಕ್ಷೆಗೆ ಒಡ್ಡಿದವರು ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. ತುಮಕೂರು ಜಿಲ್ಲೆಯ ಸಮೀಕ್ಷೆಯಲ್ಲಿ ಕ್ಷಯ ಕಂಡವರನ್ನು ಮನೆಯಲ್ಲೇ ಕೂತು ಮಾತಾಡಿಸಿದರು. ನಿಮಗೆ ಏನಾಗುತ್ತಿದೆ? ಯಾರಿಗೆ ತೋರಿಸಿದಿರಿ? 1963ರಲ್ಲಿ ಅವರ ಬರಹ ಬಂತು. ಹೆಚ್ಚುಕಡಿಮೆ ಎಲ್ಲರಿಗೂ ತಮ್ಮ ಕೆಮ್ಮು, ಜ್ವರ, ಸುಸ್ತು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಎಲ್ಲೋ ಒಂದು ಕಡೆ ಚಿಕಿತ್ಸೆ ಕೇಳಿ ಹೋಗಿದ್ದರು. ಹೋದವರ ಕಫ ನೋಡಿದವರಿಲ್ಲ. ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಿದ್ದರು. ಇಡೀ ಕತೆಯಲ್ಲಿ ನಿಜವಾದ ಆವಿಷ್ಕಾರ ಇದೇ ಎಂದು ನನ್ನ ಅಭಿಪ್ರಾಯ. ರೋಗಿ ಸರತಿಯಲ್ಲಿ ನಿಂತಿದ್ದ, ಸೂಕ್ಷ್ಮದರ್ಶಕ ಅಲ್ಲಿರಲಿಲ್ಲ.

ಆ ಕಫ ಪರೀಕ್ಷೆಯಂತೂ ಹೊಸದಲ್ಲ. ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ತೋರಿಸಿದ್ದು 1882ರಲ್ಲಿ. ಅದರ ಬೆನ್ನಲ್ಲೇ ಜೀಲ್ ಮತ್ತು ನೀಲ್ಸನ್ ಬಣ್ಣ ಹಾಕುವ ಕ್ರಮವನ್ನು ಹದಗೊಳಿಸಿದರು. ಕಫದ ಗಟ್ಟಿ ಭಾಗವನ್ನು ಗಾಜಿನ ಸ್ಲೈಡಿಗೆ ತೆಳ್ಳಗೆ ಸವರಿ ಒಣಗಿಸಬೇಕು. ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಹೊಯ್ದು ಆವಿಯೇಳುವ ತನಕ ಕೆಳಗಿನಿಂದ ಬಿಸಿ ಮಾಡಬೇಕು, ಕುದಿಯಬಾರದು. ಆಮೇಲೆ ಆಮ್ಲದಿಂದ ತೊಳೆದರೆ ಉಳಿದೆಲ್ಲವೂ ಬಣ್ಣ ಬಿಡುತ್ತದೆ. ಮೇಣದಂಥ ಕವಚವಿರುವ ಕ್ಷಯದ ರೋಗಾಣು ಮಾತ್ರ ಬಿಡುವುದಿಲ್ಲ. ಕೊನೆಗೆ ಮೆಥಿಲಿನ್ ಬ್ಲೂ. ಎಣ್ಣೆಯ ಹನಿ ಹಾಕಿ ನೋಡಿದರೆ ನೀಲಿ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿಗಳು. ಒಂದೂ ಕಾಣದಿದ್ದರೆ ಕನಿಷ್ಠ ನೂರು ನೋಟಗಳನ್ನಾದರೂ ಹುಡುಕಿದ ಮೇಲೆಯೇ ‘ಇಲ್ಲ’ ಎನ್ನಬೇಕು. ಕತ್ತು ಬಗ್ಗಿಸಿ ದಿನವಿಡೀ ಹೀಗೆ ನೋಡುವ ಲ್ಯಾಬ್ ಟೆಕ್ನಿಷಿಯನ್ನರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ, ಬರಬೇಕಿತ್ತು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಇದನ್ನು ಮಾಡಿದರೆ ಎಷ್ಟು ರೋಗಿಗಳು ಸಿಗಬಹುದು? ಜಿ.ವಿ.ಜೆ. ಬೈಲಿ ಮತ್ತು ಸಂಗಡಿಗರು ಇದನ್ನು ಲೆಕ್ಕ ಹಾಕಿ 1967ರಲ್ಲಿ ಪ್ರಕಟಿಸಿದರು. ಬೇರೆ ಯಾವುದೋ ಕಾರಣಕ್ಕಲ್ಲ, ಕೆಮ್ಮಿಗೇ ಔಷಧಿ ಕೇಳಿ ಬಂದವರ ಕಫ ನೋಡಿದರೆ ಸಾಕು, ಗಣನೀಯ ಸಂಖ್ಯೆಯ ರೋಗಿಗಳು ಅಲ್ಲೇ ಸಿಕ್ಕಿಬೀಳುತ್ತಾರೆ. ಎಕ್ಸ್‌ರೇ ವ್ಯಾನು ಊರೂರು ಅಲೆಯಬೇಕಿರಲಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಎಂದು ಇಂದು ಆಶಾ ಕಾರ್ಯಕರ್ತೆಯರು ಮನೆಬಾಗಿಲಲ್ಲಿ ಹೇಳುವ ಮಾತಿನ ಬೇರು ಈ ಕೆಲಸದಲ್ಲಿದೆ.

ಸೂಕ್ಷ್ಮದರ್ಶಕಕ್ಕೂ ಮಿತಿಯಿದೆ. ಒಂದು ಮಿಲಿಲೀಟರ್ ಕಫದಲ್ಲಿ ಹಲವು ಸಾವಿರ ರೋಗಾಣು ಇದ್ದರೇ ಅದಕ್ಕೆ ಕಾಣುವುದು. ಅದಕ್ಕಿಂತ ಕಡಿಮೆಯಿದ್ದರೆ ಮೊಟ್ಟೆಯಿಂದ ಮಾಡಿದ ಹಸಿರು ಮಾಧ್ಯಮದಲ್ಲಿ ಬೆಳೆಸಿ ನೋಡಬೇಕು, ಎಂಟು ವಾರದವರೆಗೂ ಕಾಯಬೇಕು. ಅಷ್ಟರಲ್ಲಿ ರೋಗಿ ಊರು ಬಿಟ್ಟಿರಬಹುದು, ಇಲ್ಲವೇ ಮನೆಯ ಮಕ್ಕಳಿಗೂ ಅಂಟಿರಬಹುದು.

ಈ ಕಾಯುವಿಕೆಯನ್ನು ಮುರಿದ ಯಂತ್ರಗಳಲ್ಲಿ ಒಂದು ಬೆಂಗಳೂರಿನಲ್ಲೇ ಹುಟ್ಟಿತು. ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಚಂದ್ರಶೇಖರ ನಾಯರ್ ಮತ್ತು ಸಂಗಡಿಗರು ಪಿಸಿಆರ್ ಪರೀಕ್ಷೆಯನ್ನು ಒಂದು ಪುಟ್ಟ ಚಿಪ್ಪಿಗೆ ಇಳಿಸಿದರು; ಗೋವಾದ ಮೋಲ್‌ಬಯೋ ಅದನ್ನು ‘ಟ್ರೂನ್ಯಾಟ್’ ಎಂದು ಹೊರತಂದಿತು. ಬ್ಯಾಟರಿಯಲ್ಲಿ ನಡೆಯುತ್ತದೆ, ಎಸಿ ಕೋಣೆ ಬೇಡ. ಕರೆಂಟು ನಂಬುವಂತಿಲ್ಲದ ಆರೋಗ್ಯ ಕೇಂದ್ರಕ್ಕೆ ಹೇಳಿ ಮಾಡಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಪ್ಪಿಗೆ ಕೊಟ್ಟಿತು, ಅದೇ ವರ್ಷ ಕೋವಿಡ್ ಪತ್ತೆಗೂ ಈ ಯಂತ್ರ ಬಳಕೆಗೆ ಬಂತು. ಕಫದಲ್ಲಿ ಕ್ಷಯದ ರೋಗಾಣುವಿನ ಡಿಎನ್‌ಎ ಇದೆಯೇ ಎಂದು ಸುಮಾರು ಒಂದು ಗಂಟೆಯಲ್ಲಿ ತಿಳಿಸುತ್ತದೆ. ಇದೆ ಎಂದಾದರೆ ಇನ್ನೊಂದು ಚಿಪ್ ಹಾಕಿ ಮತ್ತೊಂದು ಗಂಟೆ ಕಾದರೆ, ರಿಫಾಂಪಿಸಿನ್ ಔಷಧಿಗೆ ಆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದೂ ಅದೇ ದಿನ ವೈದ್ಯರಿಗೆ ಗೊತ್ತಾಗುತ್ತದೆ.